ಗೋವಾ ಚಿತ್ರೋತ್ಸವದ ಪಾಸ್ ತಗೋಬೇಕಾ? ಕೊಪ್ಪಳದಿಂದ ಹೋಗಿ ನೋಡಿದವನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ. 2024ರಲ್ಲಿ ನಾನು ಕೊಟ್ಟಿದ್ದು ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಅಷ್ಟು ದುಡ್ಡಿಗೆ ಒಂಬತ್ತು ದಿನ ಸಿನಿಮಾ ನೋಡಬಹುದು. ದೊಡ್ಡ ಪರದೆ, ಒಳ್ಳೆಯ ಸೌಂಡ್, ಮಧ್ಯೆ ಫೋನ್ ಎತ್ತದ ಪ್ರೇಕ್ಷಕರು. ಮನೆಮಂದಿಯೆಲ್ಲ ಹುಬ್ಬಳ್ಳಿಗೆ ಹೋಗಿ ಮಾಲ್‌ನಲ್ಲಿ ಒಂದೇ ಒಂದು ಸಿನಿಮಾ ನೋಡಿ ಬಂದರೂ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ, ಅಲ್ವಾ?

ಕೊಪ್ಪಳ, ಗಂಗಾವತಿ, ಹೊಸಪೇಟೆ ಕಡೆಯ ಗೆಳೆಯರು ಎರಡು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅಲ್ಲಿ ಏನು ನೋಡಬೇಕು, ಪ್ರಶಸ್ತಿ ಬಂದ ಸಿನಿಮಾ ನಿಜಕ್ಕೂ ಚೆನ್ನಾಗಿರುತ್ತದಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರ ಪೂರ್ತಿ ಹೆಸರು ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ (ಇಫಿ). ನಾನು ಹೋಗಿದ್ದು 2024ರ ನವೆಂಬರ್ 20ರಿಂದ 28ರವರೆಗೆ ನಡೆದ 55ನೇ ಆವೃತ್ತಿಗೆ, ಹಾಗಾಗಿ ಇಲ್ಲಿನ ಮಾತು ಬಹುತೇಕ ಅದರ ಬಗ್ಗೆಯೇ.

ಹೋಗೋದು ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಮಡಗಾಂವ್‌ನಲ್ಲಿ ಇಳಿದು ಬಸ್ ಹಿಡಿದರೆ ಪಣಜಿ. ಬೆಂಗಳೂರಿಗೆ ಹೋಗುವುದಕ್ಕಿಂತ ನಮಗೆ ಇದು ಕಷ್ಟವೇನಲ್ಲ. ಕಷ್ಟ ಇರೋದು ಉಳಿದುಕೊಳ್ಳುವುದಕ್ಕೆ. ನವೆಂಬರ್ ಕೊನೆ ಅಂದರೆ ಪ್ರವಾಸಿಗರ ಸೀಸನ್, ಪಣಜಿಯಲ್ಲಿ ರೂಮಿನ ರೇಟು ಏರಿರುತ್ತದೆ. ನಾನು ಇಳಿದುಕೊಂಡ ಲಾಡ್ಜ್‌ನವರು ಫೋನಿನಲ್ಲಿ ಒಂದು ರೇಟು ಹೇಳಿ, ಎದುರಿಗೆ ನಿಂತಾಗ ಇನ್ನೊಂದು ಹೇಳಿದರು. ರಾತ್ರಿ ಹೊತ್ತು ಬ್ಯಾಗ್ ಹಿಡಿದುಕೊಂಡು ಬೇರೆ ಕಡೆ ಹುಡುಕುವ ಶಕ್ತಿ ಇರಲಿಲ್ಲ, ಕೊಟ್ಟೆ. ನೀವು ಮೊದಲೇ ಮುಂಗಡ ಕೊಟ್ಟು, ರೇಟನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಾಲ್ಕು ಜನ ಸೇರಿ ಹೋದರೆ ಇನ್ನೂ ಒಳ್ಳೆಯದು. ಊಟದ ಚಿಂತೆ ಬೇಡ, ಮೀನು ತಿನ್ನುವವರಿಗಂತೂ ಹಬ್ಬ. ಜೋಳದ ರೊಟ್ಟಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ.

ಥಿಯೇಟರ್ ವಿಷಯ. ಐನಾಕ್ಸ್ ಪಣಜಿ, ಅದರ ಪಕ್ಕದ ಮಾಕಿನೆಜ್ ಪ್ಯಾಲೇಸ್ ಇವು ಉತ್ಸವದ ಜೀವ. ಎರಡರ ನಡುವೆ ನಡೆದೇ ಓಡಾಡಬಹುದು. ಪೊರ್ವೊರಿಮ್, ಮಡಗಾಂವ್‌ನಲ್ಲೂ ಶೋಗಳಿದ್ದವು, ಆದರೆ ದಿನಕ್ಕೆ ಮೂರು ನಾಲ್ಕು ಸಿನಿಮಾ ನೋಡುವ ಆಸೆ ಇದ್ದರೆ ಪಣಜಿಯಲ್ಲೇ ಇದ್ದುಬಿಡಿ. ಪಾಸ್ ಇದ್ದರೂ ಪ್ರತಿ ಶೋಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಸೀಟ್ ಕಾಯ್ದಿರಿಸಬೇಕು. ಹೆಸರು ಮಾಡಿದ ಸಿನಿಮಾದ ಸೀಟುಗಳು ಬೇಗ ಖಾಲಿಯಾಗುತ್ತವೆ. ಸಿಗದಿದ್ದರೆ ನಿರಾಶರಾಗಬೇಡಿ, ಬುಕ್ ಮಾಡದವರಿಗೆ ಬೇರೆ ಸಾಲು ಇರುತ್ತದೆ. ಅದರಲ್ಲಿ ಬೇಗ ಹೋಗಿ ನಿಂತರೆ ಎಷ್ಟೋ ಸಲ ಒಳಗೆ ಬಿಡುತ್ತಾರೆ, ಯಾಕೆಂದರೆ ಬುಕ್ ಮಾಡಿದವರೆಲ್ಲ ಬರುವುದಿಲ್ಲ.

ಆ ಸಾಲಿನಲ್ಲಿ ನಿಂತುಕೊಳ್ಳುವುದೇ ಒಂದು ಪಾಠ. ಕೇರಳದ ಫಿಲ್ಮ್ ಸೊಸೈಟಿ ಜನ ಸಾಲುಸಾಲಾಗಿ ಬಂದಿರುತ್ತಾರೆ. ಅವರ ಕೈಯಲ್ಲಿ ಗುರುತು ಹಾಕಿದ ವೇಳಾಪಟ್ಟಿ, ಬಾಯಲ್ಲಿ ನಿರ್ದೇಶಕರ ಹೆಸರು. ನನ್ನ ಹಿಂದೆ ಧಾರವಾಡದ ಹಿರಿಯರೊಬ್ಬರು ನಿಂತಿದ್ದರು. ಯಾವೂರು ಅಂತ ಕೇಳಿದರು, ಕೊಪ್ಪಳ ಅಂದೆ. "ಹಂಗಾದ್ರ ಯರೇಹಂಚಿನಾಳ ನಿಮಗ ಹತ್ರ ಆತಲ್ರೀ! ಶಿವಮ್ಮ ನೋಡೀರೇನು?" ಅಂದರು. ಶಿವಮ್ಮ ಅಂದರೆ ಆ ಊರಲ್ಲೇ ತೆಗೆದ ಸಿನಿಮಾ, ಅದರ ಮಾತು ಮುಂದೆ ಬರುತ್ತದೆ. ನೋಡಿದ್ದೇನೆ ಸರ್ ಅಂದೆ. ಆ ಮನುಷ್ಯನ ಮುಖ ಅರಳಿಬಿಟ್ಟಿತು. ಆಮೇಲೆ ಬಾಗಿಲು ತೆಗೆಯುವವರೆಗೂ ನಮ್ಮ ಮಾತು ಒಂದೇ ವಿಷಯದ ಮೇಲೆ ಓಡಿತು. ಒಂದು ಸಿನಿಮಾ ಒಳ್ಳೆಯದು ಅಂತ ಯಾರು, ಯಾವಾಗ, ಎಲ್ಲಿ ಕೂತು ತೀರ್ಮಾನ ಮಾಡುತ್ತಾರೆ?

ನನ್ನ ಅಭಿಪ್ರಾಯ ಇದು: ಚಿತ್ರೋತ್ಸವದಲ್ಲಿ ಪ್ರಶಸ್ತಿ ಕೊಡುವ ಜ್ಯೂರಿಗಿಂತ, ಯಾವ ಸಿನಿಮಾ ಒಳಗೆ ಬರಬೇಕು ಅಂತ ಆರಿಸುವವರ ಕೈ ದೊಡ್ಡದು. ನಾವು ಮಾತಾಡೋದು ಮಾತ್ರ ಕೊನೆಯ ದಿನ ವೇದಿಕೆ ಮೇಲೆ ನಿಂತವರ ಬಗ್ಗೆ. ಗೋವಾದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ವರ್ಷ ಇದ್ದದ್ದು 15 ಸಿನಿಮಾ. ಐದು ಜನರ ಜ್ಯೂರಿ ಈ ಹದಿನೈದನ್ನು ಬಿಟ್ಟು ಹದಿನಾರನೆಯದಕ್ಕೆ ಪ್ರಶಸ್ತಿ ಕೊಡೋಕೆ ಆಗಲ್ಲ. ಆ ಹದಿನೈದು ಯಾವುದು ಅಂತ ಬೇರೆಯವರು ಮೊದಲೇ ನಿರ್ಧರಿಸಿರುತ್ತಾರೆ.

ಈ ಉತ್ಸವದ ಹಿನ್ನೆಲೆ ಎರಡು ಮಾತಿನಲ್ಲಿ. 1952ರಲ್ಲಿ ಮುಂಬೈನಲ್ಲಿ ಶುರುವಾಗಿದ್ದು. ಸ್ಪರ್ಧೆ ಬಂದಿದ್ದು 1965ರ ಆವೃತ್ತಿಯಲ್ಲಿ, ಆಗ ಅತ್ಯುತ್ತಮ ಚಿತ್ರದ ಪ್ರಶಸ್ತಿ ಗೋಲ್ಡನ್ ಪೀಕಾಕ್ ಗೆದ್ದಿದ್ದು ಶ್ರೀಲಂಕಾದ ಲೆಸ್ಟರ್ ಜೇಮ್ಸ್ ಪೀರಿಸ್ ಅವರ 'ಗಂಪೆರಲಿಯ'. ಬೇರೆ ಬೇರೆ ಊರು ಸುತ್ತಿ 2004ರಿಂದ ಗೋವಾದಲ್ಲಿ ನೆಲೆ ನಿಂತಿದೆ. ಈಗ ಗೋಲ್ಡನ್ ಪೀಕಾಕ್ ಜೊತೆ 40 ಲಕ್ಷ ರೂಪಾಯಿ ಕೊಡುತ್ತಾರೆ. ನಿರ್ದೇಶಕರು, ನಿರ್ಮಾಪಕರು ಅದನ್ನು ಹಂಚಿಕೊಳ್ಳುತ್ತಾರೆ. ಉತ್ತಮ ನಿರ್ದೇಶಕರಿಗೆ 15 ಲಕ್ಷ, ನಟ ನಟಿಯರಿಗೆ ತಲಾ 10 ಲಕ್ಷ. ಸಣ್ಣ ಬಜೆಟ್ಟಿನ ಸಿನಿಮಾ ಮಾಡುವವರಿಗೆ ಇದು ಮುಂದಿನ ಸಿನಿಮಾದ ಬಂಡವಾಳ.

ಈಗ 2024ರ ಜ್ಯೂರಿಗೆ ಬರೋಣ. ಅಧ್ಯಕ್ಷರು ಅಶುತೋಷ್ ಗೋವಾರಿಕರ್. ಜೊತೆಗೆ ಸಿಂಗಪುರದ ನಿರ್ದೇಶಕ ಆಂಥನಿ ಚೆನ್, ನಿರ್ಮಾಪಕರಾದ ಎಲಿಜಬೆತ್ ಕಾರ್ಲ್‌ಸೆನ್ ಮತ್ತು ಫ್ರಾನ್ ಬೋರ್ಜಾ, ಆಸ್ಟ್ರೇಲಿಯಾದ ಎಡಿಟರ್ ಜಿಲ್ ಬಿಲ್‌ಕಾಕ್. ಇಬ್ಬರು ನಿರ್ದೇಶಕರು, ಇಬ್ಬರು ನಿರ್ಮಾಪಕರು, ಒಬ್ಬ ಎಡಿಟರ್. ನಟನೆಯಿಂದ ಬಂದವರು ಅಂದರೆ ಗೋವಾರಿಕರ್ ಒಬ್ಬರೇ, ವಿಮರ್ಶಕರು ಯಾರೂ ಇಲ್ಲ. ಜ್ಯೂರಿ ಪಟ್ಟಿ ಬಂದ ತಕ್ಷಣ ಹೀಗೆ ಓದಿಕೊಳ್ಳಿ, ಉಪಯೋಗವಾಗುತ್ತದೆ. ಆಂಥನಿ ಚೆನ್ ತಮ್ಮ ಮೊದಲ ಸಿನಿಮಾಕ್ಕೇ 2013ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಗೆದ್ದವರು. ಇಂಥವರು ಕೂತ ಜ್ಯೂರಿ ಹೊಸ ನಿರ್ದೇಶಕರ ಕಡೆ ಕಣ್ಣಿಡುತ್ತದೆ ಅನ್ನೋದು ನನ್ನ ಊಹೆಯಾಗಿತ್ತು. ಗೋಲ್ಡನ್ ಪೀಕಾಕ್ ಹೋಗಿದ್ದು ಮೊದಲ ಸಿನಿಮಾ ಮಾಡಿದ ಲಿಥುವೇನಿಯಾದ ಸೌಲೆ ಬ್ಲಿವೈಟೆ ಅವರ 'ಟಾಕ್ಸಿಕ್'ಗೆ.

'ಟಾಕ್ಸಿಕ್' ನೋಡೋಕೆ ಗಟ್ಟಿ ಮನಸ್ಸು ಬೇಕು. ಕಾರ್ಖಾನೆಗಳ ಹೊಗೆ ತುಂಬಿದ ಒಂದು ಊರು, ಹದಿಮೂರು ವರ್ಷದ ಇಬ್ಬರು ಹುಡುಗಿಯರು, ಮಾಡೆಲ್ ಆಗಿ ಆ ಊರಿಂದ ಪಾರಾಗುವ ಆಸೆ. ತೂಕ ಇಳಿಸೋಕೆ ಆ ಮಕ್ಕಳು ತಮ್ಮ ಮೈಮೇಲೆ ಏನೇನು ಮಾಡಿಕೊಳ್ಳುತ್ತಾರೆ ಅನ್ನೋದನ್ನು ನೋಡುವಾಗ ಹೊಟ್ಟೆ ತೊಳಸಿತು. ಇಬ್ಬರು ಹುಡುಗಿಯರಿಗೂ ಸೇರಿಸಿ ಉತ್ತಮ ನಟಿ ಪ್ರಶಸ್ತಿ ಕೊಟ್ಟರು. ಆ ತೀರ್ಮಾನಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಬ್ಬಳನ್ನು ಬಿಟ್ಟು ಇನ್ನೊಬ್ಬಳಿಗೆ ಕೊಟ್ಟಿದ್ದರೆ ಅನ್ಯಾಯ ಆಗುತ್ತಿತ್ತು, ಇಬ್ಬರ ಗೆಳೆತನವೇ ಆ ಸಿನಿಮಾ.

ಆದರೆ ದೊಡ್ಡ ಪ್ರಶಸ್ತಿಯ ಬಗ್ಗೆ ನನಗೆ ಬೇರೆ ಅಭಿಪ್ರಾಯ ಇದೆ. ನಾನು ಜ್ಯೂರಿಯಲ್ಲಿ ಕೂತಿದ್ದರೆ ರೊಮೇನಿಯಾದ ಬೊಗ್ದಾನ್ ಮುರೆಶಾನು ಅವರ 'ದಿ ನ್ಯೂ ಇಯರ್ ದಟ್ ನೆವರ್ ಕೇಮ್'ಗೆ ಕೊಡುತ್ತಿದ್ದೆ. ಅವರಿಗೆ ಉತ್ತಮ ನಿರ್ದೇಶಕ ಪ್ರಶಸ್ತಿ ಬಂತು, ಅದು ಸಮಾಧಾನ. 1989ರ ಡಿಸೆಂಬರ್. ಸರ್ವಾಧಿಕಾರಿ ಚೌಶೆಸ್ಕು ಬೀಳೋಕೆ ಕೆಲವೇ ದಿನ ಬಾಕಿ, ಆದರೆ ಅದು ಯಾರಿಗೂ ಗೊತ್ತಿಲ್ಲ. ಆರು ಜನರ ಕಥೆ ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತದೆ. ಒಬ್ಬ ಕಾರ್ಮಿಕನ ಪುಟ್ಟ ಮಗ ಉಡುಗೊರೆ ತರುವ ಹಬ್ಬದ ತಾತನಿಗೆ ಕಾಗದ ಬರೆದು, ಅಪ್ಪನ ಆಸೆ ಏನು ಅಂದರೆ ಆ ಚೌಶೆಸ್ಕು ಸಾಯಲಿ ಅನ್ನೋದು ಅಂತ ಸೇರಿಸಿ, ಅದನ್ನು ಅಂಚೆ ಡಬ್ಬಿಗೆ ಹಾಕಿಬಿಟ್ಟಿರುತ್ತಾನೆ. ಅಪ್ಪನಿಗೆ ಗೊತ್ತಾದಾಗ ಅವನ ಮುಖ ನೋಡಬೇಕು. ಥಿಯೇಟರಿನಲ್ಲಿ ಜನ ನಗುತ್ತಿದ್ದರು, ಮರುಕ್ಷಣ ಎಲ್ಲರೂ ಗಪ್‌ಚಿಪ್. ಭಯದಲ್ಲಿ ಬದುಕೋದು ಅಂದರೆ ಏನು ಅಂತ ಒಂದು ಕಾಗದದಿಂದ ತೋರಿಸೋದು ಎಷ್ಟು ದೊಡ್ಡ ಕೆಲಸ! ಕೊನೆಯ ಭಾಗದಲ್ಲಿ ಸಂಗೀತ ಏರುತ್ತಾ ಏರುತ್ತಾ ಆರೂ ಕಥೆ ಒಂದೇ ಬೀದಿಗೆ ಬಂದು ಸೇರುತ್ತವೆ. ಶೋ ಮುಗಿದ ಮೇಲೆ ಬಹಳ ಹೊತ್ತು ಚಪ್ಪಾಳೆ.

ನಮ್ಮ ಕಡೆಯವರಿಗೆ ನಾನು ಮೊದಲು ಹೇಳೋದು ಮಾತ್ರ ಇನ್ನೊಂದು ಸಿನಿಮಾ. ಫ್ರಾನ್ಸಿನ ಲೂಯಿಸ್ ಕೂರ್ವಾಸಿಯೆ ಅವರ 'ಹೋಲಿ ಕೌ'. ಅಪ್ಪ ಸತ್ತ ಮೇಲೆ ಹದಿನೆಂಟರ ಹುಡುಗನೊಬ್ಬ ತಂಗಿಯನ್ನು ಸಾಕಬೇಕು. ಒಳ್ಳೆಯ ಚೀಸ್ ಮಾಡಿ ಸ್ಪರ್ಧೆ ಗೆದ್ದರೆ ದುಡ್ಡು ಸಿಗುತ್ತದೆ ಅಂತ ಹೊರಡುತ್ತಾನೆ. ಹಾಲು ಎಲ್ಲಿಂದ ತರೋದು? ಕದಿಯುತ್ತಾನೆ. ನಾಯಕನಾಗಿರುವ ಕ್ಲೆಮೆಂಟ್ ಫಾವೋ ವೃತ್ತಿಯಲ್ಲಿ ನಟನಲ್ಲ, ಕೋಳಿ ಸಾಕಣೆ ಕಲಿಯುತ್ತಿದ್ದ ಹುಡುಗ. ಅವನಿಗೇ ಉತ್ತಮ ನಟ ಪ್ರಶಸ್ತಿ, ಸಿನಿಮಾಕ್ಕೆ ಜ್ಯೂರಿಯ ವಿಶೇಷ ಪ್ರಶಸ್ತಿ. ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕುವ ಯಾವ ಹಳ್ಳಿಯವರಿಗೂ ಈ ಸಿನಿಮಾ ಅರ್ಥವಾಗುತ್ತದೆ, ಸಬ್‌ಟೈಟಲ್ ಓದದಿದ್ದರೂ. ಅಲ್ಲಿನ ಜಾತ್ರೆ, ಜಗಳ, ಟ್ರ್ಯಾಕ್ಟರ್ ಎಲ್ಲ ನಮ್ಮ ಕುಷ್ಟಗಿ, ಯಲಬುರ್ಗಾ ಹುಡುಗರ ಬದುಕೇ ಅನ್ನಿಸಿತು.

ಸಬ್‌ಟೈಟಲ್ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಎಲ್ಲಾ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಒಂದೆರಡು ಸಿನಿಮಾ ಕಷ್ಟ, ಓದುವುದರಲ್ಲೇ ಕಣ್ಣು ಸೋಲುತ್ತದೆ. ಆಮೇಲೆ ರೂಢಿಯಾಗುತ್ತದೆ. ಮಾತು ಕಡಿಮೆ ಇರುವ ಸಿನಿಮಾದಿಂದ ಶುರು ಮಾಡಿ.

ಈ ಗೆದ್ದ ಸಿನಿಮಾಗಳ ಪಟ್ಟಿಯನ್ನು ಇನ್ನೊಂದು ಕಡೆಯಿಂದ ನೋಡಿ. 'ಟಾಕ್ಸಿಕ್' ಅದೇ ವರ್ಷ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೋಲ್ಡನ್ ಲೆಪರ್ಡ್ ಗೆದ್ದು ಬಂದಿತ್ತು. ರೊಮೇನಿಯಾದ ಸಿನಿಮಾ ಇಟಲಿಯ ವೆನಿಸ್ ಚಿತ್ರೋತ್ಸವದ ಒರಿಜ಼ೊಂತಿ ವಿಭಾಗದಲ್ಲಿ ಅತ್ಯುತ್ತಮ ಚಿತ್ರ. 'ಹೋಲಿ ಕೌ' ಕಾನ್‌ನ ಅನ್ ಸರ್ಟನ್ ರಿಗಾರ್ಡ್ ವಿಭಾಗದಲ್ಲಿ ಯುವ ಪ್ರಶಸ್ತಿ ಪಡೆದಿತ್ತು. ಗೋವಾದಲ್ಲಿ ಉತ್ತಮ ಚೊಚ್ಚಲ ನಿರ್ದೇಶಕಿ ಆದ ಸಾರಾ ಫ್ರೀಡ್‌ಲ್ಯಾಂಡ್ ಅವರ 'ಫೆಮಿಲಿಯರ್ ಟಚ್' ವೆನಿಸ್‌ನಲ್ಲಿ ನಿರ್ದೇಶನಕ್ಕೂ ಚೊಚ್ಚಲ ಚಿತ್ರಕ್ಕೂ ಪ್ರಶಸ್ತಿ ತಗೊಂಡಿತ್ತು. ಅಂದರೆ ಗೋವಾದ ಮುಖ್ಯ ಪ್ರಶಸ್ತಿಗಳು ಹೋಗಿದ್ದು ಬೇರೆ ಕಡೆ ಆಗಲೇ ಗೆದ್ದವರಿಗೆ. ಕಾನ್, ವೆನಿಸ್, ಬರ್ಲಿನ್‌ನವರು ಮುಖ್ಯ ಸ್ಪರ್ಧೆಗೆ ಸಾಮಾನ್ಯವಾಗಿ ಬೇರೆ ಉತ್ಸವಗಳಲ್ಲಿ ತೋರಿಸದ ಸಿನಿಮಾವನ್ನೇ ಕೇಳುತ್ತಾರೆ. ಗೋವಾ ಬರೋದು ವರ್ಷದ ಕೊನೆಗೆ, ಅಷ್ಟು ಹೊತ್ತಿಗೆ ಹೊಸ ಸಿನಿಮಾಗಳೆಲ್ಲ ಹಂಚಿಹೋಗಿರುತ್ತವೆ.

ಪ್ರೇಕ್ಷಕನಾಗಿ ನನಗೆ ಇದರಿಂದ ಲಾಭವೇ. ಲೊಕಾರ್ನೊ, ವೆನಿಸ್, ಕಾನ್‌ಗೆ ಕೊಪ್ಪಳದವರು ಹೋಗೋಕೆ ಆಗುತ್ತದಾ? ಅಲ್ಲೆಲ್ಲ ಗೆದ್ದಿದ್ದನ್ನು ಒಂದೇ ಪಾಸಿನಲ್ಲಿ ಪಣಜಿಯಲ್ಲಿ ನೋಡಿದೆ. ಆ ವರ್ಷ 81 ದೇಶಗಳ 180ಕ್ಕೂ ಹೆಚ್ಚು ವಿದೇಶಿ ಸಿನಿಮಾ ಇದ್ದವು. ವಿದೇಶಿ ಸಿನಿಮಾ ಆರಿಸಿದವರಿಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಆದರೆ ಒಂದು ಉತ್ಸವಕ್ಕೆ ಹೆಸರು ಬರೋದು ಬೇರೆ ಯಾರೂ ಗುರುತಿಸದ ಸಿನಿಮಾವನ್ನು ತಾನು ಮೊದಲು ಗುರುತಿಸಿದಾಗ. ಗೋವಾ ಇನ್ನೂ ಆ ಮಟ್ಟ ಮುಟ್ಟಿಲ್ಲ. ಇನ್ನೊಂದು ವಿಷಯ. ಕಾನ್‌ನಲ್ಲಿ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಸಿಕ್ಕ ಸಿನಿಮಾಕ್ಕೆ ಸಾಮಾನ್ಯವಾಗಿ ಮತ್ತೊಂದು ಪ್ರಶಸ್ತಿ ಕೊಡುವುದಿಲ್ಲ, ಹಂಚಬೇಕು ಅನ್ನೋ ಲೆಕ್ಕ. ಗೋವಾದಲ್ಲಿ ಎರಡೇ ಸಿನಿಮಾ ನಾಲ್ಕು ಪ್ರಶಸ್ತಿ ತಗೊಂಡವು. ಹದಿನೈದರಲ್ಲಿ ಉಳಿದವು ಅಷ್ಟು ಬಲವಾಗಿರಲಿಲ್ಲ ಅಂತ ಜ್ಯೂರಿಗೆ ಅನ್ನಿಸಿರಬೇಕು. ನನಗೂ ಸುಮಾರಾಗಿ ಹಾಗೇ ಅನ್ನಿಸಿತು.

ಅದಕ್ಕೇ ಮತ್ತೆ ಆಯ್ಕೆಯ ವಿಷಯಕ್ಕೇ ಬರಬೇಕು. ಆ ಹದಿನೈದರಲ್ಲಿ ಭಾರತದ ಸಿನಿಮಾ ಮೂರು. 'ದಿ ಗೋಟ್ ಲೈಫ್', 'ಆರ್ಟಿಕಲ್ 370', ಮರಾಠಿಯ 'ರಾವ್‌ಸಾಹೇಬ್'. ಮೊದಲೆರಡು ವರ್ಷದ ಆರಂಭದಲ್ಲೇ ದೇಶದ ತುಂಬಾ ಬಿಡುಗಡೆಯಾಗಿ, ನೋಡುವವರೆಲ್ಲ ನೋಡಿ ಮುಗಿಸಿದ್ದ ಸಿನಿಮಾಗಳು. ಅವು ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ, 'ದಿ ಗೋಟ್ ಲೈಫ್'ಗಾಗಿ ನಾಯಕ ಪೃಥ್ವಿರಾಜ್ ಪಟ್ಟ ಕಷ್ಟ ಎಲ್ಲರಿಗೂ ಗೊತ್ತಿರೋದೇ. ಆದರೆ ಸ್ಪರ್ಧೆಯ ಒಂದೊಂದು ಜಾಗವೂ ಚಿನ್ನ. ಅದನ್ನು ಥಿಯೇಟರೇ ಸಿಗದ ಸಿನಿಮಾಕ್ಕೆ ಕೊಡಬೇಕಿತ್ತು. 2023ರಲ್ಲಿ 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿ ಅವರಿಗೆ ಇದೇ ಗೋವಾದಲ್ಲಿ ಜ್ಯೂರಿಯ ವಿಶೇಷ ಪ್ರಶಸ್ತಿ ಬಂದಾಗ ಕನ್ನಡದವನಾಗಿ ನನಗೆ ಖುಷಿಯಾಗಿತ್ತು. ಈ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಇಡೀ ದೇಶ ತಲೆ ಮೇಲೆ ಹೊತ್ತುಕೊಂಡ ಸಿನಿಮಾಕ್ಕೆ ಚಿತ್ರೋತ್ಸವದ ಆಸರೆ ಬೇಕಿರಲಿಲ್ಲ.

ಇಂಡಿಯನ್ ಪನೋರಮಾ ಅನ್ನೋದು ಭಾರತದ ಸಿನಿಮಾಗಳ ಬೇರೆಯದೇ ವಿಭಾಗ, ಅದಕ್ಕೆ ಬೇರೆಯದೇ ಜ್ಯೂರಿ. ಎಷ್ಟೋ ಜನ ಇದನ್ನು ಸ್ಪರ್ಧೆಯ ಜೊತೆ ಕಲಸಿಬಿಡುತ್ತಾರೆ. ಪನೋರಮಾಕ್ಕೆ ಆಯ್ಕೆಯಾಗುವುದೇ ಗೌರವ. 2024ರಲ್ಲಿ ಬಂದಿದ್ದು 384 ಕಥಾಚಿತ್ರ, ತಗೊಂಡಿದ್ದು 25. ಕಥೇತರ ಚಿತ್ರಗಳಲ್ಲಿ 262ರಿಂದ 20. ಕನ್ನಡದಿಂದ 'ವೆಂಕ್ಯಾ' ಮತ್ತು 'ಕೆರೆಬೇಟೆ' ಇದ್ದವು. 2022ರಲ್ಲಿ ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' ಪನೋರಮಾದ ಉದ್ಘಾಟನಾ ಚಿತ್ರವೇ ಆಗಿತ್ತು. ಅಂಥ ಸಿನಿಮಾವನ್ನು ಮುಂದೆ ಕೂರಿಸಿದ್ದು ಒಳ್ಳೆಯ ಆಯ್ಕೆ, ಅದಕ್ಕೆ ಅವರನ್ನು ಹೊಗಳಲೇಬೇಕು.

384ರಲ್ಲಿ 359 ಸಿನಿಮಾ ಹೊರಗೆ ಉಳಿದವು. ಯಾಕೆ ಅಂತ ಆ ಸಿನಿಮಾ ಮಾಡಿದವರಿಗೂ ಒಂದು ಸಾಲು ಉತ್ತರ ಸಿಗಬೇಕು ಅನ್ನೋದು ನನ್ನ ಆಸೆ. ಆರಿಸಿದವರ ಹೆಸರು ಪ್ರಕಟವಾಗುತ್ತದೆ, ಅದು ಒಳ್ಳೆಯದು. ಕಾರಣವೂ ಪ್ರಕಟವಾದರೆ ಇನ್ನೂ ಒಳ್ಳೆಯದು. ಐದು ವಾಕ್ಯ ಸಾಕು.

ಆರಿಸಿದವರ ಮಾತೂ ಕೊನೆಯ ಮಾತಲ್ಲ ಅನ್ನೋದು 2017ರಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ವರ್ಷ ಸುಜೊಯ್ ಘೋಷ್ ಅಧ್ಯಕ್ಷತೆಯ 13 ಜನರ ಪನೋರಮಾ ಜ್ಯೂರಿ ಆರಿಸಿದ್ದ ಮಲಯಾಳಂನ 'ಎಸ್ ದುರ್ಗಾ', ಮರಾಠಿಯ 'ನ್ಯೂಡ್' ಎರಡನ್ನೂ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪಟ್ಟಿಯಿಂದ ಕೈಬಿಟ್ಟಿತು. ಘೋಷ್ ರಾಜೀನಾಮೆ ಕೊಟ್ಟರು. 'ಎಸ್ ದುರ್ಗಾ' ತೋರಿಸಿ ಅಂತ ಕೇರಳ ಹೈಕೋರ್ಟ್ ಹೇಳಿತು, ಆದರೂ ಉತ್ಸವದಲ್ಲಿ ಅದರ ಪ್ರದರ್ಶನ ಆಗಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಹದಿಮೂರು ಜನ ಕೂತು ನೂರಾರು ಸಿನಿಮಾ ನೋಡಿ, ಜಗಳಾಡಿ, ಆರಿಸಿಕೊಟ್ಟ ಮೇಲೆ ಅದನ್ನು ಗೌರವಿಸಬೇಕು. ಇಲ್ಲವಾದರೆ ಅವರನ್ನು ಕೂರಿಸೋದು ಯಾಕೆ?

2022ರದ್ದು ಬೇರೆ ಥರ. ಸ್ಪರ್ಧೆಯ ಜ್ಯೂರಿ ಅಧ್ಯಕ್ಷರಾಗಿದ್ದ ಇಸ್ರೇಲಿನ ನದಾವ್ ಲಪಿದ್ ಸಮಾರೋಪದ ವೇದಿಕೆಯಲ್ಲೇ 'ದಿ ಕಾಶ್ಮೀರ್ ಫೈಲ್ಸ್' ಸ್ಪರ್ಧೆಯಲ್ಲಿ ಇದ್ದದ್ದು ನಮಗೆ ಆಘಾತ ತಂದಿತು ಅಂತ ಹೇಳಿದರು, ಅದನ್ನು ಪ್ರಚಾರದ ಸಿನಿಮಾ ಅಂದರು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ಇಸ್ರೇಲಿನ ರಾಯಭಾರಿಯೇ ಅವರನ್ನು ಬಹಿರಂಗವಾಗಿ ಟೀಕಿಸಿದರು. ಜ್ಯೂರಿಯಲ್ಲಿದ್ದ ಸುದೀಪ್ತೊ ಸೇನ್ ಅದು ಲಪಿದ್ ಅವರ ಸ್ವಂತ ಅಭಿಪ್ರಾಯ ಅಂದರು, ಉಳಿದ ಮೂವರು ಲಪಿದ್ ಜೊತೆ ನಿಂತರು. ಎಲ್ಲರೂ ಆ ಸಿನಿಮಾದ ಪರ, ವಿರೋಧ ಅಂತ ಕಿತ್ತಾಡಿದರು. ನನಗೆ ಕಂಡಿದ್ದು ಆಯ್ಕೆಯ ಪ್ರಶ್ನೆ. ಜ್ಯೂರಿಯವರು ಬಂದಾಗ ಪಟ್ಟಿ ಸಿದ್ಧವಾಗಿತ್ತು. ಪಟ್ಟಿ ಮಾಡಿದವರು ಮುಂದೆ ಬಂದು, ನಾವು ಈ ಕಾರಣಕ್ಕೆ ಇದನ್ನು ಆರಿಸಿದೆವು ಅಂತ ಹೇಳಿದ್ದರೆ ಚರ್ಚೆ ಸರಿಯಾದ ದಾರಿಯಲ್ಲಿ ನಡೆಯುತ್ತಿತ್ತು. ಜ್ಯೂರಿಗೆ ಮಾತಾಡುವ ಹಕ್ಕು ಇರಬೇಕು ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮೆಚ್ಚದ್ದನ್ನು ಮೆಚ್ಚಲಿಲ್ಲ ಅಂತ ಹೇಳಲಾಗದ ಜ್ಯೂರಿ ಕೊಟ್ಟ ಹೊಗಳಿಕೆಗೂ ಬೆಲೆ ಇರುವುದಿಲ್ಲ.

ಈಗ ಧಾರವಾಡದ ಆ ಹಿರಿಯರು ಕೇಳಿದ ಶಿವಮ್ಮನ ಮಾತು. 'ಶಿವಮ್ಮ ಯರೇಹಂಚಿನಾಳ' ನಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ ತೆಗೆದ ಸಿನಿಮಾ. ನಿರ್ದೇಶಕ ಜೈಶಂಕರ್ ಆರ್ಯರ್. ಬಡ ಹೆಂಗಸೊಬ್ಬಳು ಕಷ್ಟ ತೀರಲಿ ಅಂತ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕಿ, ಊರವರಿಗೆಲ್ಲ ಶಕ್ತಿಯ ಪೇಯ ಮಾರೋಕೆ ಹೊರಡುವ ಕಥೆ. ಪರದೆ ಮೇಲೆ ಇರೋದು ನಮ್ಮ ಮಾತು, ನಮ್ಮ ಓಣಿ, ನಮ್ಮ ಬಿಸಿಲು. ಅದು 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಅದರ ಹಿಂದಿನ ವರ್ಷ ಇದೇ ನ್ಯೂ ಕರೆಂಟ್ಸ್ ವಿಭಾಗಕ್ಕೆ ನಟೇಶ್ ಹೆಗಡೆ ಅವರ 'ಪೆದ್ರೊ' ಆಯ್ಕೆಯಾಗಿತ್ತು. ಆ 'ಪೆದ್ರೊ'ಗೆ 2022ರ ಬೆಂಗಳೂರು ಚಿತ್ರೋತ್ಸವದಲ್ಲಿ ಜಾಗ ಸಿಗಲಿಲ್ಲ, ಆಗ ಅದರ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ನಟೇಶ್ ಅವರ ಮುಂದಿನ ಸಿನಿಮಾ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗ ಸೇರಿತು.

ಬುಸಾನ್‌ನವರಿಗೆ ಕೊಪ್ಪಳ ಎಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ. ಯರೇಹಂಚಿನಾಳ ಅಂತ ಹೇಳೋಕೆ ಅವರ ನಾಲಿಗೆ ತಿರುಗಲಿಕ್ಕಿಲ್ಲ. ಆದರೂ ಸಾವಿರಾರು ಕಿಲೋಮೀಟರ್ ದೂರದಲ್ಲಿ ಯಾರೋ ಕತ್ತಲೆ ಕೋಣೆಯಲ್ಲಿ ಕೂತು ಆ ಸಿನಿಮಾ ನೋಡಿ, ಇದು ಬೇಕು ಅಂದರು. ಆ ಒಂದು ತೀರ್ಮಾನ ಆಗದಿದ್ದರೆ ಪ್ರಶಸ್ತಿಯ ಪ್ರಶ್ನೆಯೇ ಬರುತ್ತಿರಲಿಲ್ಲ. ಆರಿಸುವವರ ಕೈ ದೊಡ್ಡದು ಅಂತ ಮೇಲೆ ಹೇಳಿದೆನಲ್ಲ, ನನಗೆ ಅದು ನಿಜವಾಗಿ ಮನಸ್ಸಿಗೆ ಇಳಿದಿದ್ದು ಶಿವಮ್ಮನಿಂದ.

ಬೇಸರ ಏನೆಂದರೆ, ನಮ್ಮ ಜಿಲ್ಲೆಯಲ್ಲೇ ಆ ಸಿನಿಮಾ ನೋಡದವರು ಬಹಳ ಜನ. 2024ರಲ್ಲಿ ಅದು ಥಿಯೇಟರಿಗೆ ಬಂತು. ನನ್ನ ಗೆಳೆಯರಲ್ಲೇ ಎಷ್ಟೋ ಜನಕ್ಕೆ ಹೆಸರೂ ಗೊತ್ತಿಲ್ಲ. ಚಿತ್ರೋತ್ಸವ ಮಾಡುವವರಿಗೆ, ಅದು ಗೋವಾದವರಿರಲಿ ಬೆಂಗಳೂರಿನವರಿರಲಿ, ನನ್ನದೊಂದು ಕೇಳಿಕೆ ಇದೆ. ಗೆದ್ದ ಸಿನಿಮಾಗಳಲ್ಲಿ ನಾಲ್ಕೈದನ್ನಾದರೂ ಕನ್ನಡ ಸಬ್‌ಟೈಟಲ್ ಹಾಕಿ ಕೊಪ್ಪಳ, ರಾಯಚೂರು, ಬಳ್ಳಾರಿಗೆ ತನ್ನಿ. ಜಿಲ್ಲಾ ಕೇಂದ್ರದ ಒಂದು ಸಭಾಭವನ, ಒಂದು ಒಳ್ಳೆಯ ಪ್ರೊಜೆಕ್ಟರ್, ಎರಡು ದಿನ ಸಾಕು. ಕಾಲೇಜು ಹುಡುಗ ಹುಡುಗಿಯರು ಬರುತ್ತಾರೆ. ನಾನೂ ನಾಲ್ಕು ಜನರನ್ನು ಕರೆತರುತ್ತೇನೆ, ಕುರ್ಚಿ ಹಾಕುವ ಕೆಲಸವಿದ್ದರೂ ಮಾಡುತ್ತೇನೆ.

ಇನ್ನು ಪಾಸ್ ತಗೊಂಡವರಿಗೆ, ಸಿನಿಮಾ ಆರಿಸೋದು ಹೇಗೆ ಅಂತ. ವೇಳಾಪಟ್ಟಿ ಬಂದ ದಿನ ಕೂತು ಓದಿ. ಪ್ರತಿ ಸಿನಿಮಾ ಅದಕ್ಕೂ ಮೊದಲು ಯಾವ ಉತ್ಸವದ ಯಾವ ವಿಭಾಗದಲ್ಲಿ ಇತ್ತು ಅಂತ ನೋಡಿ. ಬರೀ ಪ್ರಶಸ್ತಿ ಬಂದಿದೆ ಅನ್ನೋದನ್ನು ನಂಬಬೇಡಿ, ಪ್ರಶಸ್ತಿ ಕೊಡುವ ಉತ್ಸವಗಳು ಈಗ ಬೇಕಾದಷ್ಟಿವೆ, ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಕೊಡುವವೂ ಇವೆ. ಲೊಕಾರ್ನೊ, ಬುಸಾನ್, ವೆನಿಸ್‌ನ ಒರಿಜ಼ೊಂತಿ, ಕಾನ್‌ನ ಅನ್ ಸರ್ಟನ್ ರಿಗಾರ್ಡ್, ಬರ್ಲಿನ್‌ನ ಫೋರಂ ಇವುಗಳಿಂದ ಬಂದ ಹೊಸ ನಿರ್ದೇಶಕರ ಸಿನಿಮಾ ಕಂಡರೆ ಗುರುತು ಹಾಕಿ. ಇವು ಆಮೇಲೆ ನಿಮ್ಮೂರಿನ ಥಿಯೇಟರಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ದೊಡ್ಡ ಹೆಸರಿನ ಉದ್ಘಾಟನಾ ಚಿತ್ರಕ್ಕೆ ಸಾಲಿನಲ್ಲಿ ನಿಂತು ಅರ್ಧ ದಿನ ಕಳೆಯಬೇಡಿ, ಅದು ಹೇಗೂ ಮುಂದೆ ಒಟಿಟಿಯಲ್ಲಿ ಸಿಗುತ್ತದೆ. ನಿಮಗೆ ಹಿಡಿಸದ ಸಿನಿಮಾದಿಂದ ಎದ್ದು ಬರೋಕೆ ಸಂಕೋಚ ಬೇಡ, ಆದರೆ ಕತ್ತಲಲ್ಲಿ ಟಾರ್ಚ್ ಹಾಕಿಕೊಂಡು ಎಲ್ಲರ ಮುಂದೆ ನಡೆಯಬೇಡಿ.

ಒಂದು ಎಚ್ಚರಿಕೆ. ಈ ಸಿನಿಮಾಗಳು ನಾವು ಟಾಕೀಸಿನಲ್ಲಿ ನೋಡುವವುಗಳ ಹಾಗೆ ಅಲ್ಲ. ಸೆನ್ಸಾರ್ ಸರ್ಟಿಫಿಕೇಟ್‌ನಿಂದ ವಿನಾಯಿತಿ ಪಡೆದು ತೋರಿಸುತ್ತಾರೆ, ಹಾಗಾಗಿ ಕತ್ತರಿ ಬಿದ್ದಿರಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಬಿಡಿ. ಹಾಡು, ಫೈಟು, ಇಂಟರ್ವಲ್ ಬೇಕೇ ಬೇಕು ಅನ್ನುವವರಿಗೆ, ಗೋವಾಕ್ಕೆ ಹೋದ ಮೇಲೆ ಸಮುದ್ರ ನೋಡದೆ ಥಿಯೇಟರಿನಲ್ಲಿ ಕೂರೋದಾ ಅಂತ ಚಡಪಡಿಸುವವರಿಗೆ ಈ ಪಾಸ್ ಬೇಡ. ಸಿನಿಮಾ ಅಂದರೆ ಪ್ರಾಣ ಅನ್ನುವವರು ರೈಲಿನ ಟಿಕೆಟ್ ಬುಕಿಂಗ್ ತೆರೆದ ದಿನವೇ ಕೂತು ಮಾಡಿಕೊಳ್ಳಿ, ನೋಂದಣಿ ಶುರುವಾದ ವಾರದಲ್ಲೇ ಪಾಸ್ ತಗೊಳ್ಳಿ. ಮುಂದಿನ ಸಲ ಕೊಪ್ಪಳದಿಂದ ಯಾರಾದರೂ ಹೊರಟರೆ ತಿಳಿಸಿ, ರೂಮಿನ ಖರ್ಚು ಹಂಚಿಕೊಳ್ಳಬಹುದು.